ಗಾಡಿಯ ಮೇಲೆ ಮಲಗುತ್ತಿದ್ದವರು

ಕಳೆದ ತಿಂಗಳು ನಮ್ಮ ಕಾಲೇಜಿನ ರಸಾಯನಶಾಸ್ತ್ರದ ಮೇಡಂ ನಿವೃತ್ತರಾದರು. ಹೊಳೆನರಸೀಪುರದಂಥ ಊರಿನಲ್ಲಿ ಬೀಳ್ಕೊಡುಗೆ ಹೇಗಿರುತ್ತದೋ ಹಾಗೇ ಇತ್ತು. ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು, ಒಬ್ಬರಾದ ಮೇಲೆ ಒಬ್ಬರು ಎದ್ದು ಶಿಸ್ತು, ಸಮಯಪಾಲನೆ, ಫಲಿತಾಂಶ ಎಂದು ಹೊಗಳಿ ಕೂತರು. ಅವರ ಗಾಡಿಯ ಮೇಲಿದ್ದ ಟೆಂಟಿನ ಬಗ್ಗೆ ಮಾತ್ರ ಯಾರೂ ಸೊಲ್ಲೆತ್ತಲಿಲ್ಲ. ಒಂದು ಕಾಲಕ್ಕೆ ಊರೆಲ್ಲ ಅದನ್ನೇ ಆಡಿಕೊಂಡಿತ್ತು. ನನ್ನನ್ನೂ ಎರಡು ಮಾತು ಆಡಿ ಎಂದು ಕರೆದರು. ಅದೇ ಕಾಲೇಜಿನಲ್ಲಿ ಕನ್ನಡ ಹೇಳಿಕೊಡುವವಳು ನಾನು, ಮಾತಿಗೇನೂ ಬರವಿಲ್ಲ. ಆದರೆ ಆವತ್ತು ಸುಸ್ತಾಗಿತ್ತು. ಮೈಕಿನ ತನಕ ಹೋಗಿ ಕೈಮುಗಿದು ವಾಪಸು ಬಂದು ಕೂತೆ. ಅಲ್ಲಿ ಹೇಳದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೇಡಂ ಸಣ್ಣ ಆಳು. ಕರಿಹಲಗೆಯ ಮೇಲ್ಭಾಗ ಅವರ ಕೈಗೆ ಎಟಕುತ್ತಿರಲಿಲ್ಲ. ಹಾಗಾಗಿ ಅವರ ಸಮೀಕರಣಗಳೆಲ್ಲ ಹಲಗೆಯ ಕೆಳಗಿನ ಅರ್ಧದಲ್ಲೇ ಇರುತ್ತಿದ್ದವು. ಸ್ಟಾಫ್ ರೂಮಿನಲ್ಲಿ ಯಾರಾದರೂ ಮದುವೆ ಮನೆಯ ಕಥೆಯನ್ನೋ ಪೇ ಕಮಿಷನ್ನಿನ ಕಥೆಯನ್ನೋ ಉದ್ದಕ್ಕೆ ಎಳೆದರೆ, "ಸಾರಾಂಶ ಹೇಳಿ" ಅನ್ನುತ್ತಿದ್ದರು. ಹೊಸಬರಿಗೆ ಇದು ಗರ್ವ ಅನ್ನಿಸುತ್ತಿತ್ತು. ಗರ್ವ ಅಲ್ಲ. ಮಾತು ಉದ್ದವಾದರೆ ಅವರ ಕಣ್ಣು ಎಳೆಯುತ್ತಿತ್ತು. ಕೂತ ಕುರ್ಚಿಯಲ್ಲೇ ತೂಕಡಿಸಿಬಿಡುತ್ತೇನೆಂಬ ಹೆದರಿಕೆ ಅವರಿಗೆ ಯಾವಾಗಲೂ ಇತ್ತು. ಆದ್ದರಿಂದ ಬಿಡುವಿನ ಪೀರಿಯಡ್ಡಿನಲ್ಲೂ ನಿಂತೇ ಇರುತ್ತಿದ್ದರು. ಉತ್ತರಪತ್ರಿಕೆಗಳನ್ನು ಕಿಟಕಿಯ ಕಟ್ಟೆಯ ಮೇಲೆ ಇಟ್ಟುಕೊಂಡು ನಿಂತು ತಿದ್ದುವವರನ್ನು ನಾನು ಇನ್ನೆಲ್ಲೂ ನೋಡಿಲ್ಲ.

ಅವರ ಗಂಡ ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರಾಗಿದ್ದವರು. ಎತ್ತರದ ಆಳು, ಅಗಲವಾದ ಭುಜ. ಮೈದಾನದಲ್ಲಿ ಅವರು ವಿಷಲ್ ಊದಿದರೆ ಪಕ್ಕದ ಬೀದಿಯ ಮಕ್ಕಳೂ ಓಡುವುದಕ್ಕೆ ಶುರು ಮಾಡುತ್ತಿದ್ದರಂತೆ. ಮಕ್ಕಳನ್ನು ಕ್ರೀಡಾಕೂಟಗಳಿಗೆ ಕರೆದುಕೊಂಡು ಹೋಗಲು ಬಸ್ಸು ಸಿಗುವುದಿಲ್ಲವೆಂದು ಹಳೆಯ ಜೀಪೊಂದನ್ನು ಕೊಂಡಿದ್ದರು. ಇವರಿಗೆ ಸ್ವಂತ ಮಕ್ಕಳಿರಲಿಲ್ಲ. ಜೀಪಿನ ತುಂಬ ಊರವರ ಮಕ್ಕಳಿರುತ್ತಿದ್ದರು. ಒಂದು ಬೆಳಿಗ್ಗೆ ಬಚ್ಚಲಿನಲ್ಲಿ ಮೇಷ್ಟ್ರು ಬಿದ್ದರು. ಲಕ್ವ ಹೊಡೆದಿತ್ತು. ಬಲಗೈ, ಬಲಗಾಲು ಹೋದವು, ಮಾತೂ ಹೋಯಿತು. ಉಳಿದದ್ದು ಒಂದೇ ಪದ, "ಆಯ್ತು." ನೀರು ಬೇಕಾ ಅಂದರೆ ಆಯ್ತು, ನೋವಾಗುತ್ತಾ ಅಂದರೆ ಆಯ್ತು, ಕಿಟಕಿ ಮುಚ್ಚಲಾ ಅಂದರೂ ಆಯ್ತು.

ಅಲ್ಲಿಂದ ಶುರುವಾಯಿತು ಮೇಡಂ ಅವರ ನಿದ್ದೆಗೇಡು. ಮಲಗಿದಲ್ಲೇ ಇರುವವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಬೆನ್ನು ಹುಣ್ಣಾಗುತ್ತದೆ. ಹಗಲು ಒಬ್ಬ ಹೆಂಗಸು ಬರುತ್ತಿದ್ದಳು, ರಾತ್ರಿಯೆಲ್ಲ ಮೇಡಂ ಒಬ್ಬರೇ. ಆ ಸಣ್ಣ ಆಳು ಆ ದೊಡ್ಡ ಆಳನ್ನು ಬೆಡ್‌ಶೀಟ್ ಹಿಡಿದು ಎಳೆದು ಮಗ್ಗುಲಾಗಿಸಿ, ಬೆನ್ನಿಗೆ ದಿಂಬು ಒತ್ತಿ, ಪೌಡರು ಹಾಕಿ, ಕಣ್ಣು ಮುಚ್ಚುವ ಹೊತ್ತಿಗೆ ಮತ್ತೆ ಅಲಾರಂ. ವರ್ಷಗಟ್ಟಲೆ ಹೀಗೇ ನಡೆಯಿತು. ಎಷ್ಟು ವರ್ಷ ಎಂದು ಅವರು ಎಣಿಸಿಟ್ಟುಕೊಂಡವರಲ್ಲ. ಕೇಳಿದರೆ, "ಆವಾಗಿನಿಂದ" ಅನ್ನುತ್ತಿದ್ದರು.

ಮೇಷ್ಟ್ರ ಅಕ್ಕ ಚನ್ನರಾಯಪಟ್ಟಣದಲ್ಲಿದ್ದರು. ಎರಡನೇ ಶನಿವಾರ, ನಾಲ್ಕನೇ ಶನಿವಾರ ಮಧ್ಯಾಹ್ನ ಬಂದು ಭಾನುವಾರ ಹೊರಡುತ್ತಿದ್ದರು. ಬಾಯಿ ಜೋರು, ಕೈಯೂ ಅಷ್ಟೇ ಜೋರು. ಆ ಒಂದು ರಾತ್ರಿ ತಮ್ಮನನ್ನು ತಾವೇ ನೋಡಿಕೊಳ್ಳುವುದಾಗಿ ಹೇಳಿ ಮೇಡಂಗೆ ಪಕ್ಕದ ಕೋಣೆಯಲ್ಲಿ ಹಾಸಿ ಕೊಡುತ್ತಿದ್ದರು. ಆದರೆ ಮೇಡಂಗೆ ಆ ಮನೆಯಲ್ಲಿ ನಿದ್ದೆ ಹತ್ತುತ್ತಿರಲಿಲ್ಲ. ಹಾಸಿಗೆ ಸರ್ ಎಂದರೆ ಎಚ್ಚರ, ನಾದಿನಿ ಕೆಮ್ಮಿದರೆ ಎಚ್ಚರ, ಏನೂ ಸದ್ದಿಲ್ಲದಿದ್ದರೆ ಇನ್ನೂ ಎಚ್ಚರ. ಒಂದು ಶನಿವಾರ ಹಾಸನಕ್ಕೆ ಹೋಗಿ ಲಾಡ್ಜ್ ಒಂದರಲ್ಲಿ ರೂಮು ಕೇಳಿದರು.

"ಏನಾಯ್ತು ಗೊತ್ತಾ? ಕೌಂಟರಲ್ಲಿದ್ದವನು ನನ್ನ ಆಧಾರ್ ಕಾರ್ಡು ನೋಡಿದ. ಹೊಳೆನರಸೀಪುರದವ್ರು ಹಾಸನದಲ್ಲಿ ಯಾಕೆ ರೂಮು ಮಾಡ್ತಿದೀರ, ಒಬ್ರೇನಾ, ಯಾರಾದ್ರೂ ಬರ್ತಾರಾ ಅಂದ. ನಿದ್ದೆ ಮಾಡೋಕೆ ಅಂದೆ. ನಕ್ಕ. ಬಂದ್ಬಿಟ್ಟೆ" ಎಂದು ಸೋಮವಾರ ನನಗೆ ಹೇಳಿದರು. ಅವರ ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. ಸಿಟ್ಟು ಮಾಡಿಕೊಳ್ಳಲೂ ತ್ರಾಣ ಬೇಕು.

ಮೇಷ್ಟ್ರ ಜೀಪನ್ನು ಓಡಿಸಲು ಅವರು ಅಷ್ಟರಲ್ಲಿ ಕಲಿತಿದ್ದರು, ಆಸ್ಪತ್ರೆಗೆ ಅಲೆಯಲು ಬೇಕಾಗಿತ್ತು. ಮುಂದಿನ ಸಲ ಜೀಪಿನಲ್ಲೇ ಹೋಗಿ ಗೊರೂರಿನ ಹತ್ತಿರ ಒಂದು ಮರದ ಕೆಳಗೆ ನಿಲ್ಲಿಸಿ ಹಿಂದಿನ ಸೀಟಿನಲ್ಲಿ ಮುದುಡಿ ಮಲಗಿದರು. ನಿದ್ದೆ ಬಂತು. ಆದರೆ ಎದ್ದ ಮೇಲೆ ಸೊಂಟ ನೆಟ್ಟಗಾಗಲಿಲ್ಲ. ಆಮೇಲೆ ನೆಲದ ಮೇಲೆ ಹಾಕುವ ಸಣ್ಣ ಟೆಂಟೊಂದನ್ನು ತರಿಸಿದರು. ಅದರೊಳಕ್ಕೆ ಇರುವೆ ಬಂದವು, ನಾಯಿ ಬಂದು ಮೂಸಿತು, ನೆಲದ ತಂಡಿ ಮಂಡಿಗೆ ಹಿಡಿಯಿತು. ಆಗ ಮೊಬೈಲಿನಲ್ಲಿ ನೋಡಿದ್ದು ಗಾಡಿಯ ಮೇಲೆ ಕಟ್ಟುವ ಟೆಂಟು. ಮುಚ್ಚಿದಾಗ ಚಪ್ಪಟೆ ಮೂಟೆ, ಬಿಡಿಸಿದರೆ ಹಾಸಿಗೆ ಸಮೇತ ಗುಡಾರ, ಹತ್ತಲು ಏಣಿ.

ಅವರು ಒಂದು ವಸ್ತುವಿನ ಬಗ್ಗೆ ಅಷ್ಟು ಮಾತಾಡಿದ್ದನ್ನು ನಾನು ಅದೊಂದೇ ಸಲ ಕೇಳಿದ್ದು. ಕಿಟಕಿಯ ಕಟ್ಟೆಯ ಹತ್ತಿರ ನಿಂತು ಫೋನು ತೋರಿಸುತ್ತಿದ್ದರು. ಗಟ್ಟಿ ಪೆಟ್ಟಿಗೆಯಂಥದ್ದು ಒಂದು ಬಗೆ, ಕ್ಲಿಪ್ಪು ತೆಗೆದರೆ ತಾನೇ ಮೇಲೇಳುತ್ತದೆ, ಬೆಲೆ ಮಾತ್ರ ಕೈಗೆ ಎಟಕುವುದಿಲ್ಲ. ಬಟ್ಟೆಯ ಮಡಿಕೆಯದು ಇನ್ನೊಂದು ಬಗೆ, ಅಗ್ಗ, ಆದರೆ ಬಿಡಿಸಿ ಕಟ್ಟುವ ಶ್ರಮ ನಮ್ಮದು. ತೂಕವೇ ಮುಖ್ಯ ಎಂದರು. ನಿಂತ ಗಾಡಿಯ ಛಾವಣಿ ಎಷ್ಟಾದರೂ ಹೊರುತ್ತದೆ, ಓಡುವ ಗಾಡಿ ಅಷ್ಟು ಹೊರುವುದಿಲ್ಲ, ತಿರುವಿನಲ್ಲಿ ಎಳೆಯುತ್ತದೆ. ನಮ್ಮ ಜೀಪಿನ ಛಾವಣಿಯ ಅಂಚಿಗೆ ಮಳೆನೀರಿನ ದೋಣಿಯಿದೆ, ಅದಕ್ಕೆ ಗಟ್ಟಿ ಕ್ಯಾರಿಯರ್ ಕೂರಿಸಬಹುದು, ಹೊಸ ಕಾರುಗಳಿಗೆ ಆ ಭಾಗ್ಯವಿಲ್ಲ ಎಂದರು. ನಾನು, "ಸಾರಾಂಶ ಹೇಳಿ ಮೇಡಂ" ಅಂದೆ. ಅವರು ನಕ್ಕು, "ಬಟ್ಟೇದು, ಒಬ್ಬರಿಗೆ ಸಾಕಾಗೋದು, ಯಾರೋ ಬಳಸಿ ಬಿಟ್ಟದ್ದು" ಎಂದರು.

ಅಂಥದ್ದೊಂದು ಹಾಸನದಲ್ಲೇ ಸಿಕ್ಕಿತು. ಹೊಸದಾಗಿ ಮದುವೆಯಾದ ಗಂಡ ಹೆಂಡತಿ ಒಂದು ಪ್ರವಾಸಕ್ಕೆಂದು ಕೊಂಡು, ಬೇಸರವಾಗಿ ಮಾರಾಟಕ್ಕೆ ಇಟ್ಟಿದ್ದರು. ನೋಡಲು ಮೇಡಂ ನನ್ನನ್ನೂ ಕರೆದುಕೊಂಡು ಹೋದರು. ಆ ಹುಡುಗ ಅವರ ಮನೆಯ ಮುಂದೆ ಕಾರಿನ ಮೇಲಿದ್ದ ಟೆಂಟನ್ನು ಬಿಡಿಸಿ ತೋರಿಸಿದ. ಮೇಡಂ ಮೊದಲು ಹಾಸಿಗೆಯನ್ನು ಮೂಸಿ ನೋಡಿದರು. ಬೂಷ್ಟಿನ ವಾಸನೆ ಇದ್ದರೆ ಒದ್ದೆಯಲ್ಲೇ ಮಡಚಿಟ್ಟಿದ್ದಾರೆ ಎಂದರ್ಥ. ಜಿಪ್ಪುಗಳನ್ನೆಲ್ಲ ಎಳೆದು ನೋಡಿದರು. ಏಣಿಯ ಪ್ರತಿ ಮೆಟ್ಟಿಲ ಮೇಲೂ ನಿಂತು ಕುಲುಕಿದರು. ಕೊನೆಗೆ ಆ ಹುಡುಗನಿಗೆ, "ಒಂದು ಬಕೆಟ್ ನೀರು ಕೊಡ್ತೀರಾ?" ಅಂದರು.

"ನೀರು ಯಾಕೆ ಮೇಡಂ?"

"ಮೇಲೆ ಸುರಿಯೋಕೆ. ನಾನು ಒಳಗಿರ್ತೀನಿ, ನೀವು ಸುರೀರಿ."

ಹುಡುಗನ ಮುಖ ಸಪ್ಪಗಾಯಿತು. "ವಾಟರ್‌ಪ್ರೂಫ್ ಅಂತ ಬರ್ದಿದೆ ಮೇಡಂ" ಎಂದ.

"ಬರ್ದಿರೋದು ನಾನೂ ಓದ್ದೆ. ಸುರೀರಿ."

ಮೇಡಂ ಒಳಗೆ ಹೋಗಿ ಬಾಗಿಲಿನ ಜಿಪ್ಪು ಎಳೆದುಕೊಂಡರು. ಹುಡುಗ ಸ್ಟೂಲಿನ ಮೇಲೆ ನಿಂತು ಹೊಲಿಗೆಗಳ ಮೇಲೆಲ್ಲ ನೀರು ಸುರಿದ. "ಸೋರ್ತಿದೆಯಾ?" ಎಂದು ಕೂಗಿದೆ. ಉತ್ತರ ಇಲ್ಲ. ಮತ್ತೆ ಕೂಗಿದೆ. ಇಲ್ಲ. ನಾನು ಏಣಿ ಹತ್ತಿ ಜಿಪ್ಪನ್ನು ಸ್ವಲ್ಪ ಇಳಿಸಿ ನೋಡಿದೆ. ಮೇಡಂ ಮಲಗಿಬಿಟ್ಟಿದ್ದರು. ಬಾಯಿ ತೆರೆದಿತ್ತು. ಕೈಗಳು ಎರಡೂ ಪಕ್ಕಕ್ಕೆ ಚೆಲ್ಲಿದ್ದವು. ಕನ್ನಡಕ ಕೂಡ ತೆಗೆದಿರಲಿಲ್ಲ.

ನನಗೆ ನಾಚಿಕೆಯಾಯಿತು. ಎಬ್ಬಿಸಲು ಕೈ ಚಾಚಿದೆ. ಕೆಳಗಿನಿಂದ ಆ ಹುಡುಗನ ಹೆಂಡತಿ, "ಏನಾಯ್ತು ಮೇಡಂ?" ಎಂದಳು. ಮನೆಯ ಪರಿಸ್ಥಿತಿಯನ್ನು ಎರಡು ಮಾತಿನಲ್ಲಿ ಹೇಳಿದೆ. ಅವಳು ಗಂಡನ ಕೈಯಿಂದ ಬಕೆಟ್ ತೆಗೆದುಕೊಂಡು ಮೆಲ್ಲಗೆ ಕೆಳಗಿಟ್ಟಳು. "ಎಬ್ಬಿಸ್ಬೇಡಿ. ನಮಗೇನೂ ಕೆಲ್ಸ ಇಲ್ಲ ಇವತ್ತು" ಎಂದು ಒಳಗೆ ಕರೆದು ಕೂರಿಸಿ ಕಾಫಿ ಕೊಟ್ಟಳು. ಗಂಡ ಮಾತ್ರ ಆಗಾಗ ಬಾಗಿಲಿಗೆ ಹೋಗಿ ತನ್ನ ಕಾರನ್ನು ನೋಡಿ ಬರುತ್ತಿದ್ದ. ನೆತ್ತಿಯ ಮೇಲಿದ್ದ ಬಿಸಿಲು ಎದುರು ಮನೆಯ ಗೋಡೆಗೆ ಇಳಿದ ಮೇಲೆ ಮೇಡಂ ತಲೆ ಹೊರಗೆ ಹಾಕಿ, "ಸೋರಲಿಲ್ಲ" ಎಂದರು. ವ್ಯಾಪಾರ ಮುಗಿಯಿತು.

ಮಲಗಲು ಜಾಗ ಸಿಕ್ಕಿದ್ದು ಅರಕಲಗೂಡಿನ ದಾರಿಯಲ್ಲಿ. ಮೇಡಂ ಕೈಯಲ್ಲಿ ಕಲಿತ ಹುಡುಗನೊಬ್ಬ ಆ ಕಡೆ ಹೊಗೆಸೊಪ್ಪು, ಜೋಳ ಬೆಳೆದುಕೊಂಡಿದ್ದ. ಅವನ ತಾಯಿ ನಿಂಗಮ್ಮ. ಅವರ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ಮುಂದೆ ಮಟ್ಟಸವಾದ ಗಟ್ಟಿ ಅಂಗಳ. ಪಕ್ಕದಲ್ಲೇ ಮನೆ, ಕಕ್ಕಸು, ನೀರು. ಒಬ್ಬಂಟಿ ಹೆಂಗಸಿಗೆ ಇವಿಲ್ಲದೆ ಕಾಡುಮೇಡಿನಲ್ಲಿ ಟೆಂಟು ಹಾಕುವುದು ಜಾಹೀರಾತಿನಲ್ಲಿ ಮಾತ್ರ ಚೆಂದ. ಮೊದಲ ಸಲ ಜೀಪು ಬಂದು ನಿಂತು, ಅದರ ತಲೆಯ ಮೇಲೆ ಗುಡಾರ ಎದ್ದಾಗ ನಿಂಗಮ್ಮ ಸೊಂಟದ ಮೇಲೆ ಕೈಯಿಟ್ಟು ನೋಡಿದರಂತೆ.

"ಇದೇನ್ ಮೇಡಮ್ಮೋರೆ, ನಮ್ಮ ಜ್ವಾಳದೊಲದ ಅಟ್ಟಣೆ ಇದ್ದಂಗದೆ! ಮನ್ಯಾಗೆ ಮಂಚ ಅದೆ, ಒಳೀಕ್ ಬಂದು ಮನಿಕ್ಕಳಿ."

"ಬೇಡ ನಿಂಗಮ್ಮ. ಮನೇಲಿ ನಂಗೆ ನಿದ್ದೆ ಬರಲ್ಲ."

"ಯಾರ್ ಮನ್ಯಾಗೂವೆ?"

"ಯಾರ ಮನೇಲೂ."

ನಿಂಗಮ್ಮ ತಮ್ಮ ನಾಯಿಯನ್ನು ತಂದು ಜೀಪಿನ ಚಕ್ರಕ್ಕೆ ಕಟ್ಟಿದರು. "ಯಾವನಾರ ಅತ್ರಕ್ ಬಂದ್ರೆ ಇದು ಬುಡಕ್ಕಿಲ್ಲ, ನೀವು ಎದ್ರಬ್ಯಾಡಿ" ಎಂದು ಹೇಳಿ ಒಳಗೆ ಹೋದರು.

ಬಳಸುತ್ತ ಬಳಸುತ್ತ ಅವರಿಗೆ ಅದರ ಮರ್ಮಗಳು ತಿಳಿದವು. ನೆಲ ಓರೆಯಿದ್ದರೆ ನಿದ್ದೆಯಲ್ಲಿ ಒಂದೇ ಕಡೆಗೆ ಜಾರುತ್ತೇವೆ. ಅದಕ್ಕೇ ಚಕ್ರದ ಕೆಳಗೆ ಹಲಗೆ ಕೊಟ್ಟು, ಬಾನೆಟ್ಟಿನ ಮೇಲೆ ನೀರಿನ ಬಾಟಲಿ ಅಡ್ಡ ಇಟ್ಟು, ಅದು ಉರುಳದ ತನಕ ಸರಿಮಾಡುತ್ತಿದ್ದರು. ಚಳಿ ಎಂದು ಕಿಟಕಿಗಳನ್ನೆಲ್ಲ ಮುಚ್ಚಿ ಮಲಗಿದ ಮೊದಲ ಬೆಳಿಗ್ಗೆ ಹಾಸಿಗೆಯ ಅಡಿ ಒದ್ದೆಯಾಗಿತ್ತು. ಸೋರಿತು ಎಂದು ಗಾಬರಿಯಾದರಂತೆ. ನೋಡಿದರೆ ತಮ್ಮದೇ ಉಸಿರಿನ ಆವಿ ತಣ್ಣನೆ ಬಟ್ಟೆಗೆ ತಾಗಿ ನೀರಾಗಿತ್ತು. ಸೋಮವಾರ ತರಗತಿಯಲ್ಲಿ ಅದನ್ನೇ ಪಾಠ ಮಾಡಿದರು. ಆಮೇಲೆ ಹಾಸಿಗೆಯ ಕೆಳಗೊಂದು ಈಚಲು ಚಾಪೆ ಬಂತು, ಎದುರುಬದುರು ಕಿಟಕಿಗಳು ಸ್ವಲ್ಪ ತೆರೆದೇ ಇರತೊಡಗಿದವು. ರುದ್ರಪಟ್ಟಣದ ಸಂಗೀತೋತ್ಸವಕ್ಕೂ ಒಮ್ಮೆ ಜೀಪು ತೆಗೆದುಕೊಂಡು ಹೋಗಿದ್ದರು. ಕಛೇರಿ ಹೇಗಿತ್ತು ಎಂದು ಕೇಳಿದೆ. "ತಂಬೂರಿ ಶ್ರುತಿ ಮಾಡ್ಕೊಳ್ಳೋವರೆಗೂ ಕೇಳಿದೀನಿ, ಬಹಳ ಚೆನ್ನಾಗಿತ್ತು" ಎಂದರು.

ಊರಿಗೆ ಈ ವಿಷಯ ತಿಳಿದದ್ದು ಮಳೆಯಿಂದ. ಒಂದು ಭಾನುವಾರ ಟೆಂಟು ಮಳೆಯಲ್ಲಿ ನೆನೆದಿತ್ತು. ಒದ್ದೆಯಲ್ಲೇ ಮಡಚಿಟ್ಟರೆ ಬೂಷ್ಟು ಹಿಡಿಯುತ್ತದೆಂದು ಮನೆಯ ಮುಂದೆ ಬೀದಿಯಲ್ಲೇ ಬಿಡಿಸಿ ಒಣಗಿಸಿದರು. ಬೀದಿಯವರೆಲ್ಲ ಬಂದು ನೋಡಿದರು. ಮಾರನೇ ದಿನ ಸ್ಟಾಫ್ ರೂಮಿನಲ್ಲಿ ಒಬ್ಬರು ಪೇಪರಿನಿಂದ ಮುಖ ಎತ್ತದೆ, "ಗಂಡ ಹಾಸಿಗೆ ಹಿಡಿದಿದ್ದಾರೆ, ಮೇಡಮ್ಮೋರದು ಪಿಕ್‌ನಿಕ್ಕು" ಎಂದರು. ಇನ್ನೊಬ್ಬರು ನಕ್ಕರು. ಮೇಡಂ ಕಿಟಕಿಯ ಹತ್ತಿರ ನಿಂತು ಉತ್ತರಪತ್ರಿಕೆ ತಿದ್ದುತ್ತಲೇ ಇದ್ದರು. ಕೇಳಿಸಲಿಲ್ಲವೇನೋ ಅಂದುಕೊಂಡೆ. ಮೆಟ್ಟಿಲಿಳಿಯುವಾಗ ಹೇಳಿದರು. "ನಿಂಗಮ್ಮನ ಊರಿನ ಹತ್ರ ಏನೇನಿದೆ ಅಂತ ನಂಗೆ ಗೊತ್ತಿಲ್ಲ. ಹೋದೆ, ಹತ್ತಿದೆ, ಮಲಗಿದೆ, ಇಳಿದೆ, ಬಂದೆ. ಇದಕ್ಕೆ ಪಿಕ್‌ನಿಕ್ ಅಂತಾರಾ?"

ಅದಾದ ಮೇಲೆ ಆ ಶನಿವಾರ ಬಂತು. ಸಂಜೆ ನಾದಿನಿ ಗಂಜಿ ಕುಡಿಸುವಾಗ ಮೇಷ್ಟ್ರಿಗೆ ನೆತ್ತಿಗೆ ಹತ್ತಿತು. ಹೊಟ್ಟೆಗೆ ಇಳಿಯಬೇಕಾದದ್ದು ಶ್ವಾಸಕೋಶಕ್ಕೆ ಹೋಗಿತ್ತು. ಏದುಸಿರು, ಜ್ವರ. ನಾದಿನಿ ಮೇಡಂಗೆ ಫೋನು ಮಾಡಿದರು, ಸಿಗಲಿಲ್ಲ. ನಿಂಗಮ್ಮನ ಅಂಗಳದಲ್ಲಿ ಮೇಡಂ ಫೋನಿಗೆ ನೆಟ್‌ವರ್ಕ್ ಇರಲಿಲ್ಲ, ನಿಂಗಮ್ಮನ ನಂಬರು ನಾದಿನಿಯ ಹತ್ತಿರ ಇರಲಿಲ್ಲ. ಅಕ್ಕಪಕ್ಕದವರು ಆಂಬುಲೆನ್ಸ್ ಕರೆಸಿ ಹಾಸನದ ಆಸ್ಪತ್ರೆಗೆ ಸೇರಿಸಿದರು. ಬೆಳಿಗ್ಗೆ ಮೇಡಂ ಬಂದಾಗ ಮನೆಗೆ ಬೀಗ. ಎದುರು ಮನೆಯವರು ವಿಷಯ ಹೇಳಿದರು. ತಿರುಗಿಸಿದ ಜೀಪು ಹಾಸನದಲ್ಲೇ ನಿಂತದ್ದು.

ಸುದ್ದಿ ತಿಳಿದು ನಾನು ಹೋಗುವ ಹೊತ್ತಿಗೆ ಐ.ಸಿ.ಯು. ಹೊರಗಿನ ಓಣಿಯಲ್ಲಿ ನೆಂಟರು ತುಂಬಿದ್ದರು. ನಾದಿನಿಯ ದನಿ ಮೆಟ್ಟಿಲಿನವರೆಗೂ ಕೇಳುತ್ತಿತ್ತು.

"ಇಡೀ ರಾತ್ರಿ ಒಬ್ಬಳೇ ಒದ್ದಾಡಿದೀನಿ ಕಣೆ! ಉಸಿರು ನಿಂತೇ ಹೋಯ್ತು ಅಂದ್ಕೊಂಡೆ. ನೀನು ಗಾಡಿ ಮೇಲೆ ಹಾಯಾಗಿ ಮಲಗಿದ್ಯಾ? ಅವನೇನಾದ್ರೂ ಹೋಗಿಬಿಟ್ಟಿದ್ರೆ?"

ಮೇಡಂ ಗೋಡೆಗೆ ಒರಗಿ ನಿಂತಿದ್ದರು. ಅವರ ಮುಖದಲ್ಲಿ ಚೆನ್ನಾಗಿ ನಿದ್ದೆ ಮಾಡಿ ಎದ್ದವರ ಕಳೆಯಿತ್ತು. ಆವತ್ತು ಅದೇ ಅವರಿಗೆ ಶಿಕ್ಷೆಯಾಯಿತು. ನೋಡಿದವರೆಲ್ಲ ಅದನ್ನೇ ನೋಡುತ್ತಿದ್ದರು. ಮೇಡಂ ನನ್ನನ್ನು ಕಂಡು ಹತ್ತಿರ ಬಂದು, "ಟೆಂಟು ಯಾರಾದ್ರೂ ತಗೊಳ್ತಾರಾ ವಿಚಾರ್ಸಿ" ಎಂದಷ್ಟೇ ಹೇಳಿದರು.

ಮೇಷ್ಟ್ರು ಉಳಿದುಕೊಂಡರು. ಮನೆಗೂ ಬಂದರು. ಮೇಡಂ ಟೆಂಟಿನ ಮೇಲೆ ಟಾರ್ಪಾಲು ಬಿಗಿದು ಕಟ್ಟಿದರು. ಎರಡನೇ ಶನಿವಾರ ಹೋಗಲಿಲ್ಲ, ನಾಲ್ಕನೇ ಶನಿವಾರವೂ ಹೋಗಲಿಲ್ಲ. ಮಳೆಗಾಲ ಕಳೆಯಿತು. ಸ್ಟಾಫ್ ರೂಮಿನಲ್ಲಿ ಅವರು ಮೊದಲಿನಂತೆ ನಿಂತೇ ಇದ್ದರು, ಆದರೆ ಈಗ ನಿಂತಲ್ಲೇ ಕಣ್ಣು ಮುಚ್ಚಿಕೊಳ್ಳುತ್ತಿತ್ತು.

ಒಂದು ದಿನ ಲ್ಯಾಬಿನಲ್ಲಿ ಗಾಜು ಸಿಡಿದ ಸದ್ದು. ಓಡಿಹೋಗಿ ನೋಡಿದರೆ ಮೇಡಂ ನಲ್ಲಿಯ ಕೆಳಗೆ ಕೈಯಿಟ್ಟುಕೊಂಡು ನಿಂತಿದ್ದಾರೆ. ಮಕ್ಕಳು ಹಿಂದಿನ ಗೋಡೆಗೆ ಅಂಟಿಕೊಂಡಿದ್ದರು. ನೀರಿಗೆ ಆಸಿಡ್ ಹಾಕಬೇಕೇ ಹೊರತು ಆಸಿಡ್ಡಿಗೆ ನೀರು ಹಾಕಬಾರದು ಎಂದು ವರ್ಷವರ್ಷವೂ ಮೊದಲ ದಿನವೇ ಹೇಳುತ್ತಿದ್ದವರು, ತೂಕಡಿಕೆಯಲ್ಲಿ ಆಸಿಡ್ಡಿಗೇ ನೀರು ಸುರಿದಿದ್ದರು. ಅದು ಕುದಿದು ಸಿಡಿದಿತ್ತು. ಎಡಗೈ ಸುಟ್ಟಿತ್ತು. ಪುಣ್ಯಕ್ಕೆ ಮಕ್ಕಳಿಗೆ ಏನೂ ಆಗಿರಲಿಲ್ಲ. ಕೈ ಉರಿಯುತ್ತಿದ್ದರೂ ಅವರು ಅತ್ತದ್ದು ಅದಕ್ಕಲ್ಲ. "ಮುಂದಿನ ಬೆಂಚಲ್ಲಿ ಆ ಹುಡುಗಿ ಕೂತಿದ್ಲು. ಅವಳ ಮುಖಕ್ಕೆ ಸಿಡಿದಿದ್ರೆ?" ಎಂದು ಅದನ್ನೇ ಹೇಳುತ್ತಿದ್ದರು.

ಅವರನ್ನು ಮನೆಗೆ ಬಿಡಲು ನಾನೇ ಹೋದೆ. ಬ್ಯಾಂಡೇಜು ಕಟ್ಟಿದ ಕೈಯಲ್ಲಿ ಮೇಷ್ಟ್ರನ್ನು ಮಗ್ಗುಲು ಮಾಡಲು ಆಗುವುದಿಲ್ಲವಲ್ಲ, ಅದಕ್ಕೆ ನಾದಿನಿಗೆ ಫೋನು ಮಾಡಿದೆವು. ಅವರು ಸಂಜೆಯ ಬಸ್ಸಿಗೆ ಬಂದವರು ಕೈ ವಾಸಿಯಾಗುವ ತನಕ ಅಲ್ಲೇ ಉಳಿದರು. ಪ್ರತಿ ರಾತ್ರಿ ತಮ್ಮನನ್ನು ಮಗ್ಗುಲು ಬದಲಿಸಿದರು. ಒಂದು ರಾತ್ರಿ ನೆಂಟಳಾಗಿ ಮಾಡುವುದು ಬೇರೆ, ದಿನಾ ಮಾಡುವುದು ಬೇರೆ. ಶನಿವಾರ ನಾನು ಅವರ ಮನೆಗೆ ಹೋದಾಗ ಆ ಜೋರು ಬಾಯಿಯ ಹೆಂಗಸು ಅಡಿಗೆಮನೆಯ ಕಂಬಕ್ಕೆ ಒರಗಿ ಕೂತಿದ್ದರು. ಕಣ್ಣಿನ ಸುತ್ತ ಕಪ್ಪಾಗಿತ್ತು. ಬಟ್ಟೆ ಮಡಚುತ್ತಿದ್ದ ಮೇಡಂ ಕಡೆಗೆ ನೋಡಿ ಅವರು ಹೇಳಿದರು.

"ಆ ಗುಡಾರ ಇನ್ನೂ ಇದ್ಯೇನೆ?"

"ಇದೆ ಅಕ್ಕ. ಯಾರೂ ತಗೊಳ್ಲಿಲ್ಲ."

"ಹೋಗು ಇವತ್ತು. ಆ ನಿಂಗಮ್ಮನ ನಂಬರ್ ಕೊಟ್ಟು ಹೋಗು. ಏನಾದ್ರೂ ಆದ್ರೆ ಅವಳಿಗೆ ಮಾಡ್ತೀನಿ."

"ಬೇಡ ಅಕ್ಕ."

"ನಾನು ಆಸ್ಪತ್ರೇಲಿ ಏನೇನೋ ಅಂದೆ. ಬಾಯಿ ನಂದು. ಈಗ ಅದೇ ಬಾಯಲ್ಲಿ ಹೇಳ್ತಿದೀನಿ, ಹೋಗು."

ಮೇಡಂ ಕೋಣೆಯ ಕಡೆ ನೋಡಿದರು. "ಅವರನ್ನ ಕೇಳ್ಬೇಕಲ್ಲ" ಎಂದರು.

"ಕೇಳು. ಆಯ್ತು ಅಂತಾನೆ."

"ಅವರು ಎಲ್ಲಕ್ಕೂ ಆಯ್ತು ಅಂತಾರಕ್ಕ. ಸಾಯ್ಲಾ ಅಂದ್ರೂ ಆಯ್ತು ಅಂತಾರೆ. ಅದನ್ನ ಹಿಡ್ಕೊಂಡು ನಾನು ಹೇಗೆ ಹೋಗ್ಲಿ?"

ಆದರೂ ಹೋಗಿ ಕೇಳಿದರು. ನಾವಿಬ್ಬರೂ ಬಾಗಿಲಲ್ಲಿ ನಿಂತಿದ್ದೆವು. "ನಾನು ಹೋಗಿ ಮಲ್ಕೊಂಡು ಬರ್ಲಾ?" ಎಂದರು. ಮೇಷ್ಟ್ರು ಅವರ ಬ್ಯಾಂಡೇಜು ಕಟ್ಟಿದ ಕೈಯನ್ನೇ ನೋಡುತ್ತಿದ್ದರು. ಆಯ್ತು ಎನ್ನಲಿಲ್ಲ. ಆಡುತ್ತಿದ್ದ ಎಡಗೈಯನ್ನು ಎತ್ತಿದರು. ಒಂದು ಕ್ಷಣ ಮೇಲೆ ನಿಲ್ಲಿಸಿ, ಸರ್ರನೆ ಕೆಳಕ್ಕೆ ಬಿಟ್ಟರು. ಓಟದ ಗೆರೆಯ ಮೇಲೆ ಮಕ್ಕಳನ್ನು ನಿಲ್ಲಿಸಿ, ಓಡಿ ಎಂದು ಬಿಡುವ ಸನ್ನೆ ಅದು. ನಾದಿನಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಡಿಗೆಮನೆಗೆ ಹೋದರು. ಜೀಪು ಓಡಿಸಲು ನಿಂಗಮ್ಮನ ಮಗ ಬಂದ, ಮೇಡಂ ಅರಕಲಗೂಡಿನ ದಾರಿ ಹಿಡಿದರು.

ಅದಾಗಿ ಮೇಷ್ಟ್ರು ಬಹಳ ಕಾಲ ಬದುಕಲಿಲ್ಲ. ಒಂದು ಮಧ್ಯಾಹ್ನ, ಮೇಡಂ ಪಕ್ಕದಲ್ಲೇ ಕೂತು ಅವರ ಉಗುರು ಕತ್ತರಿಸುತ್ತಿದ್ದಾಗ ಹೋದರು. ಇನ್ನಾದರೂ ಇವರಿಗೆ ನಿದ್ದೆ ಎಂದು ಎಲ್ಲರೂ ಅಂದರು. ಹಾಗಾಗಲಿಲ್ಲ. ಅಲಾರಂ ಇಲ್ಲದೆಯೂ ಎರಡು ಗಂಟೆಗೊಮ್ಮೆ ಎಚ್ಚರವಾಗುತ್ತಿತ್ತು, ಎದ್ದು ಖಾಲಿ ಮಂಚದ ಬೆಡ್‌ಶೀಟ್ ಎಳೆದು ಸರಿಮಾಡಿ ಬರುತ್ತಿದ್ದರು. ಆದರೂ ಟೆಂಟಿಗೆ ಹೋಗಲು ಒಪ್ಪಲಿಲ್ಲ. "ಯಾರನ್ನ ಬಿಟ್ಟು ಹೋಗ್ಲಿ ಈಗ?" ಎಂದರು. ಜೀಪನ್ನು ನಿಂಗಮ್ಮನ ಬ್ಯಾರನ್ನಿನ ಪಕ್ಕದ ಶೀಟಿನ ಕೆಳಗೆ ಬಿಟ್ಟುಬಂದರು. ಅದರಲ್ಲಿ ಆಮೇಲೆ ಮೊದಲು ಮಲಗಿದವರು ನಾದಿನಿ. ಮೇಷ್ಟ್ರ ವೈಕುಂಠ ಸಮಾರಾಧನೆ ಮುಗಿದ ಮೇಲೆ ಮೇಡಂ ಅವರೇ ಅವರನ್ನು ಕರೆದುಕೊಂಡು ಹೋಗಿ ಏಣಿ ಹತ್ತಿಸಿದರು. ನಂತರ ನಮ್ಮ ಕಾಲೇಜಿನ ಅಟೆಂಡರ್ ಹೆಂಡತಿ ಹೋದಳು, ಅವಳಿಗೆ ಏಳಲಾಗದ ಮಗಳಿದ್ದಾಳೆ. ಅವಳು ಹೋದ ರಾತ್ರಿ ಆ ಮಗಳ ಪಕ್ಕ ಮೇಡಂ ಇದ್ದರು.

ಹೋದ ವರ್ಷ ನನ್ನ ಸರದಿ ಬಂತು. ನಾನು, ಅಮ್ಮ ಇಬ್ಬರೇ ಇರುವುದು. ಅಮ್ಮನಿಗೆ ಮರೆವಿನ ಕಾಯಿಲೆ. ಹಗಲು ಮಲಗಿ ರಾತ್ರಿ ಎದ್ದು ಬಾಗಿಲು ತೆಗೆದು ಹೊರಟುಬಿಡುತ್ತಾಳೆ. ಅವಳ ಸೆರಗನ್ನು ನನ್ನ ಕೈಗೆ ಸುತ್ತಿಕೊಂಡು ಮಲಗುತ್ತಿದ್ದೆ. ನಾನು ಯಾರಿಗೂ ಹೇಳಿರಲಿಲ್ಲ. ಒಂದು ದಿನ ಸ್ಟಾಫ್ ರೂಮಿನಲ್ಲಿ ನಾನು ನಿಂತುಕೊಂಡು ಊಟ ಮಾಡುತ್ತಿದ್ದುದನ್ನು ಮೇಡಂ ನೋಡಿದರು. ಶನಿವಾರ ಮಧ್ಯಾಹ್ನ ಒಂದು ಕೈಚೀಲ ಹಿಡಿದು ಮನೆಗೆ ಬಂದರು.

"ಅರಕಲಗೂಡು ಬಸ್ಸಿಗೆ ಇನ್ನೂ ಹೊತ್ತಿದೆ. ಒಂದು ಸ್ವೆಟರ್ ಇಟ್ಕೊಳ್ಳಿ. ನಿಂಗಮ್ಮನಿಗೆ ಹೇಳಿದೀನಿ" ಎಂದರು.

"ಅಮ್ಮ ನಿಮ್ಮ ಹತ್ರ ಇರಲ್ಲ ಮೇಡಂ. ರಾತ್ರಿ ಪೂರ್ತಿ ಎಬ್ಬಿಸ್ತಾರೆ" ಎಂದೆ.

"ನಂಗೆ ಹೇಗೂ ಎಚ್ಚರ ಆಗುತ್ತೆ. ಸುಮ್ನೆ ಖಾಲಿ ಮಂಚ ನೋಡೋ ಬದಲು ಇವರನ್ನ ನೋಡ್ತೀನಿ."

ಹೊತ್ತು ಮುಳುಗುವ ಮುಂಚೆ ನಿಂಗಮ್ಮನ ಮಗ ಜೀಪನ್ನು ಅಂಗಳಕ್ಕೆ ತಂದು ಟೆಂಟು ಬಿಡಿಸಿಕೊಟ್ಟ. ನಿಂಗಮ್ಮ ಬಿಸಿ ಮುದ್ದೆ, ಹುರುಳಿ ಸಾರು ಬಡಿಸಿದರು. ಏಣಿಯನ್ನು ಎರಡು ಕೈಯಲ್ಲೂ ಹಿಡಿದು ನಿಂತು, "ಸಂದಾಗಿ ಇಡ್ಕಂಡು ಅತ್ತವ್ವಾ, ಕೆಳುಕ್ ನೋಡ್ಬ್ಯಾಡ" ಎಂದು ಹತ್ತಿಸಿದರು. ಮಲಗಿ ಅಮ್ಮನ ಬಗ್ಗೆ ಚಿಂತೆ ಮಾಡಬೇಕು ಅಂದುಕೊಂಡದ್ದು ನೆನಪಿದೆ. ಚಿಂತೆ ಮಾಡಿದ್ದು ನೆನಪಿಲ್ಲ.

ಕಣ್ಣು ಬಿಟ್ಟಾಗ ಟೆಂಟಿನ ಬಟ್ಟೆಯೆಲ್ಲ ಬಿಸಿಲಿಗೆ ಬೆಳ್ಳಗಾಗಿತ್ತು. ತಲೆ ಹೊರಗೆ ಹಾಕಿ ನಿಂಗಮ್ಮನನ್ನು ಕೂಗಿ, ಅವರ ಫೋನು ಇಸಿದುಕೊಂಡು ಮೇಡಂಗೆ ಮಾಡಿದೆ.

"ಮೇಡಂ, ತುಂಬಾ ಹೊತ್ತು ಮಲಗಿಬಿಟ್ಟೆ. ಈಗ್ಲೇ ಹೊರಡ್ತೀನಿ. ಅಮ್ಮ ಹೇಗಿದಾರೆ?"

"ತಿಂಡಿ ತಿಂದ್ರು. ನೀನು ಯಾರು ಅಂತ ನನ್ನ ಕೇಳಿದ್ರು, ಹೇಳ್ದೆ. ಇನ್ನೊಂದು ಸಲ ಕೇಳಿದ್ರು, ಇನ್ನೊಂದು ಸಲ ಹೇಳ್ದೆ. ಈಗ ಬಿಸಿಲಲ್ಲಿ ಕೂತಿದಾರೆ, ತಲೆ ಬಾಚ್ತಿದೀನಿ. ನೀವ್ಯಾಕೆ ಎದ್ರಿ?"

"ಬೆಳಗಾಯ್ತಲ್ಲ ಮೇಡಂ."

"ಬೆಳಗಾದ್ರೆ ಏನಂತೆ? ಮಧ್ಯಾಹ್ನ ಒಂದು ಬಸ್ಸಿದೆ. ಮಲ್ಕೊಳ್ಳಿ."

ಫೋನು ಇಟ್ಟುಬಿಟ್ಟರು. ಕೆಳಗಿನಿಂದ ನಿಂಗಮ್ಮ, "ಕಾಪಿ ಕಾಸ್ಲೇನವ್ವಾ?" ಎಂದರು.

"ಆಮೇಲೆ ನಿಂಗಮ್ಮ" ಎಂದೆ. ಹೊದಿಕೆ ಎಳೆದುಕೊಂಡು ಇನ್ನೊಂದು ಮಗ್ಗುಲಿಗೆ ಹೊರಳಿದೆ.